ಮಣಿಕಟ್ಟು ಹಿಡಿದು ಅಳೆಯುವ ಹೇಮಾವತಿ

ಶ್ರೀರಾಂಪುರದಿಂದ ಮೊದಲ ಬಸ್ಸು ಇನ್ನೂ ಹೊರಟಿಲ್ಲ. ಮನೆಯ ಜಗಲಿಯಲ್ಲಿ ಬಲ್ಬಿನ ಕೆಳಗೆ ಕುಳಿತ ಹೇಮಾವತಿ ಚರ್ಮದ ಪಟ್ಟಿಯೊಂದರ ಅಂಚು ಕೆತ್ತುತ್ತಿದ್ದಾರೆ. ಕೈಯಲ್ಲಿರುವುದು ರಂಪಿಗೆ, ಚರ್ಮ ಕೊಯ್ಯುವ ಅಗಲ ಬಾಯಿಯ ಕತ್ತಿ. ಓರೆಯಾಗಿ ಹಿಡಿದು ನೂಕಿದಂತೆಲ್ಲ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿ ಏಳುತ್ತದೆ. ಅಂಚು ಹೀಗೆ ಸವೆಯದಿದ್ದರೆ ಪದರಗಳು ಸೇರುವಲ್ಲಿ ಏಣು ಉಳಿದು ಕೈಗೆ ಒತ್ತುತ್ತದೆ.

"ಏನವ್ವ, ಇದಾದ್ರೂ ಅವನ ಕೈಗೆ ಕೂರ್ತೈತೋ, ಇಲ್ಲಾ ಇದನ್ನೂ ಮೇಕೆ ಮರಿ ಕೊರಳಿಗೆ ಕಟ್ಟಾಣೋ?" ಮೂಲೆಯಲ್ಲಿ ಕಂಬಳಿ ಹೊದ್ದು ಕುಳಿತ ಮಾವ ದೊಡ್ಡತಿಮ್ಮಪ್ಪ ಕೆಣಕುತ್ತಾರೆ.

"ನೀವು ಸುಮ್ಕೆ ಕಾಫಿ ಕುಡೀರಿ ಮಾವ. ಬಾಯಿ ಸುಟ್ಕಂಡೀರ," ಎನ್ನುವ ಸೊಸೆ ತಲೆ ಎತ್ತುವುದಿಲ್ಲ.

ಪಟ್ಟಿ ಮಾಡಿಸುತ್ತಿರುವವನು ಕಲ್ಲೇಶ್, ತೆಂಗಿನಕಾಯಿ ಸುಲಿಯುವ ತಂಡದ ಯುವಕ. ಹೊಸದುರ್ಗದ ಸುತ್ತಲಿನ ತೋಟಗಳಲ್ಲಿ ಈ ಕೆಲಸಕ್ಕೆ ಹೋಗುವವರ ಬದುಕು ನಿಂತಿರುವುದು ಮಣಿಕಟ್ಟಿನ ಮೇಲೆ. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿಯನ್ನು ಕುಕ್ಕಿ, ತಿರುಚಿ ಸಿಪ್ಪೆ ಸೀಳಬೇಕು. ದಿನವಿಡೀ ಅದೇ ತಿರುಚಾಟ. ಕೆಲವು ವರ್ಷ ಕಳೆದರೆ ನೀರಿನ ಕೊಡ ಎತ್ತಲೂ ಕೈ ನೋಯುತ್ತದೆ. ದೊಡ್ಡತಿಮ್ಮಪ್ಪ ಎತ್ತುಗಳ ಕೊರಳಪಟ್ಟಿ ಮಾಡುತ್ತಿದ್ದವರು. ಟ್ರ್ಯಾಕ್ಟರ್ ಬಂದು ಎತ್ತು ಕಡಿಮೆಯಾದ ಮೇಲೆ, ಕೈನೋವಿನ ಒಬ್ಬಾತ ಕೇಳಿದನೆಂದು ಅದೇ ಹದದಲ್ಲಿ ಮಣಿಕಟ್ಟಿಗೊಂದು ಪಟ್ಟಿ ಹೊಲಿದುಕೊಟ್ಟರು. ಅವರ ಕಣ್ಣು ಮಂಜಾದಾಗ ರಂಪಿಗೆ ಸೊಸೆಯ ಕೈಗೆ ಬಂತು.

ಪಟ್ಟಿಗೆ ಮೂರು ಪದರ. ಮೈಗೆ ತಾಗುವುದು ಕುರಿ ಚರ್ಮ. ಅದನ್ನು ತಂಗಡಿ ಗಿಡದ ತೊಗಟೆಯಲ್ಲಿ ಹದ ಮಾಡಿ ಕೊಡುವವರು ಹಿರಿಯೂರು ಕಡೆ ಇನ್ನೂ ಒಂದಿಬ್ಬರಿದ್ದಾರೆ. ಬೆವರು ಹೀರಿಕೊಳ್ಳುತ್ತದೆ, ತುರಿಕೆ ಬರುವುದಿಲ್ಲ. ನಡುವಿನದು ಎಮ್ಮೆಯ ಬೆನ್ನಿನ ದಪ್ಪ ಚರ್ಮ. ಹೊಟ್ಟೆಯ ಕಡೆಯದು ಹಿಗ್ಗುವುದರಿಂದ ಅದನ್ನು ಮುಟ್ಟುವುದಿಲ್ಲ. ಮೇಲಿನದು ಎಣ್ಣೆ ಕುಡಿಸಿದ ಮೇಕೆ ಚರ್ಮ. ಅಂಟು ಹಚ್ಚಿದ ಪದರಗಳನ್ನು ಮಣಿಕಟ್ಟಿನ ಆಕಾರದ ಮರದ ಅಚ್ಚಿಗೆ ಸುತ್ತಿ ಬಿಗಿಯುತ್ತಾರೆ. ಹೊರಗಿನ ಸುತ್ತು ಒಳಗಿನದಕ್ಕಿಂತ ಸ್ವಲ್ಪ ಉದ್ದ ಬೇಕಲ್ಲವೇ? ಹಲಗೆಯ ಮೇಲೆ ಚಪ್ಪಟೆಯಾಗಿ ಅಂಟಿಸಿ ಆಮೇಲೆ ಬಾಗಿಸಿದರೆ ಒಳಪದರ ಸುಕ್ಕಾಗಿ, ಆ ಸುಕ್ಕು ಮೈ ಕೆರೆಯುತ್ತದೆ. ಅಚ್ಚಿನ ಮೇಲೆಯೇ ಒಣಗಿದಾಗ ಪ್ರತಿ ಪದರವೂ ತನ್ನ ಉದ್ದಕ್ಕೆ ತಾನು ಕೂರುತ್ತದೆ. ಆಮೇಲೆ ಮೇಣದ ದಾರದ ಹೊಲಿಗೆ. ಬಕಲ್ ಇಟ್ಟರೆ ಕಾಯಿಯ ನಾರು ಸಿಕ್ಕಿಕೊಳ್ಳುತ್ತದೆಂದು ಒಂದೇ ಒಂದು ಹಿತ್ತಾಳೆ ಗುಂಡಿ. ಹಾಗಾಗಿ ಆಮೇಲೆ ಸಡಿಲ, ಬಿಗಿ ಮಾಡುವ ಮಾತಿಲ್ಲ, ಕೊಯ್ದ ಅಳತೆಯೇ ಅಳತೆ.

ಕಲ್ಲೇಶನ ಮೊದಲ ಪಟ್ಟಿ ಕೆಟ್ಟದ್ದು ಇಲ್ಲಿಯೇ. ಬಿಚ್ಚಿದ ಕೈಗೆ ನೂಲು ಸುತ್ತಿ, ಆಮೇಲೆ ಮುಷ್ಟಿ ಕಟ್ಟಿ ನೋಡಿದರೆ ನೂಲು ಬಿಗಿಯುವುದು ಯಾರಿಗೂ ತಿಳಿಯುತ್ತದೆ. ಒಳಗಿನ ನರಗಳು ಉಬ್ಬುತ್ತವೆ. ಹೇಮಾವತಿ ಪೇಟೆಯಲ್ಲಿ ಮಾಡುವ ಗಡಿಯಾರದ ಪಟ್ಟಿಗೆ ಬಿಚ್ಚಿದ ಕೈಯ ಅಳತೆ ಸಾಕು. ಕಾಯಿ ಸುಲಿಯುವವರಿಗೆ ಮುಷ್ಟಿಯ ಅಳತೆಯೇ ಆಗಬೇಕು. ಕಲ್ಲೇಶ್ ತಾನು ಬಾರದೆ, ಮನೆಯಲ್ಲಿ ಅಳೆದ ನೂಲು ಕಳಿಸಿದ್ದ. ಹೇಮಾವತಿ ಏನೂ ಕೇಳದೆ ಅದರಂತೆ ಕೊಯ್ದರು. ಪಟ್ಟಿ ಕಟ್ಟಿಕೊಂಡು ಕೆಲಸಕ್ಕಿಳಿದವನ ಬೆರಳು ಜೋಮು ಹಿಡಿದು, ಕಾಯಿ ಜಾರಿ, ಕಬ್ಬಿಣದ ಮೊನೆ ಅಂಗೈ ಸೀಳಿತು. ಗಾಯ ಮಾಯುವವರೆಗೆ ಅವನು ಮನೆಯಲ್ಲಿ ಕೂತ. ತಂಡದ ಉಳಿದವರು ಹೆದರಿ ತಮ್ಮ ಪಟ್ಟಿಗಳನ್ನೂ ಬಿಚ್ಚಿಟ್ಟರು. ಹೊಸಬರಾರೂ ಅಳತೆ ಕೊಡಲು ಬರುತ್ತಿಲ್ಲ.

"ಇವತ್ತು ಇದು ಕೂರ್ಲಿಲ್ಲ ಅಂದ್ರೆ ಪಟ್ಟಿ ಕೆಲಸ ಮುಗೀತು ಅಂತ್ಲೇ ಲೆಕ್ಕ. ಬರೀ ವಾಚಿನ ಪಟ್ಟಿ ನಂಬ್ಕಂಡು ಒಲೆ ಉರಿಯಲ್ಲ. ಕಳೆ ಕೀಳಾಕೆ ಹೋಗ್ಬೇಕು. ಅದೇನು ಕೆಟ್ಟ ಕೆಲಸಲ್ಲ ಬಿಡ್ರಿ. ಆದ್ರೆ ಕೈ ಕಲ್ತಿದ್ದು ಇದು," ಎಂದು ಮಾವನಿಗೆ ಹೇಳುತ್ತಾ ಹೇಮಾವತಿ ಗುಂಡಿ ಬಡಿಯುತ್ತಾರೆ.

ಬೆಳಕು ಹರಿಯುವ ಹೊತ್ತಿಗೆ ತಂಡದ ಟೆಂಪೊ ಬಂದು ನಿಲ್ಲುತ್ತದೆ. ಕಲ್ಲೇಶ್ ಇಳಿದು ಜಗಲಿಯ ಅಂಚಿಗೆ ಬರುತ್ತಾನೆ.

"ಅಕ್ಕಾ, ಈ ಸಲ ನನ್ನ ಕೈ ಉಳಿಸ್ತೀಯೋ ಹೆಂಗೆ?"

"ಕುಂತ್ಕ ಮೊದ್ಲು. ಕೈ ಕೊಡು ಇಲ್ಲಿ."

"ಲೇ ಕಲ್ಲೇಶ, ಬಳೆ ತೊಡಿಸ್ಕಳ್ಳೋ ಮದುವಣಗಿತ್ತಿ ಕುಂತಂಗೆ ಕುಂತಿದೀಯಲ್ಲೋ! ಬಾರೋ ಬೇಗ, ಹೋಗಾಣ," ಎಂದು ತಂಡದ ಹಿರಿಯ ರಂಗಯ್ಯ ಟೆಂಪೊದಿಂದಲೇ ಕೂಗುತ್ತಾರೆ. ಒಳಗಿದ್ದವರೆಲ್ಲ ನಗುತ್ತಾರೆ.

ಹೇಮಾವತಿ ನಗುವುದಿಲ್ಲ. ಗುಂಡಿ ಹಾಕಿ, ಅವನ ಮಣಿಕಟ್ಟನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದಿದ್ದಾರೆ. "ಮುಷ್ಟಿ ಕಟ್ಟು. ಇನ್ನೂ ಬಿಗಿ. ನಿಮ್ಮ ರಂಗಯ್ಯನ ಮೇಲೆ ಸಿಟ್ಟು ಬಂದಂಗೆ ಕಟ್ಟು." ಪಟ್ಟಿಯ ಕೆಳಗೆ ತಮ್ಮ ಕಿರುಬೆರಳ ಉಗುರು ತೂರುತ್ತದೋ ಎಂದು ನೋಡುತ್ತಾರೆ. ತೂರುತ್ತದೆ. ಮೊನ್ನೆ ಹೊಸದಾಗಿ ಅಳತೆ ತೆಗೆಯುವಾಗಲೂ ಕೇಳದೆ ಬಿಟ್ಟ ಮಾತನ್ನು ಆಗ ಕೇಳುತ್ತಾರೆ.

"ಮೊದ್ಲು ಕಳಿಸಿದ್ದ ನೂಲು, ಅದನ್ಯಾರು ಅಳೆದಿದ್ದು?"

"ನಮ್ಮವ್ವ. ನಾ ಮಲಗಿದ್ದಾಗ್ಲೇ ಅಳೆದ್ಲು ಕಣಕ್ಕ. ಬೆಳಿಗ್ಗೆ ಎದ್ರೆ ಟೆಂಪೊ ಹಿಡಿಯಾದೇ ಆಗ್ತೈತೆ. ಇಲ್ಲಿಗ್ ಬರಾಕೆ ಎಲ್ಲಿ ಟೈಮು?"

ಹೇಮಾವತಿ ಅವನ ಕೈ ಬಿಡುತ್ತಾರೆ. "ಸಂಜೆ ಮಟ ನೋಡಾಣ ತಾಯಿ, ಆಮೇಲೆ ಮಾತು," ಎನ್ನುತ್ತಾರೆ ರಂಗಯ್ಯ. ಟೆಂಪೊ ಹೊರಡುತ್ತದೆ.

ಹೊತ್ತೇರಿದ ಮೇಲೆ ಹೇಮಾವತಿ ಹೊಸದುರ್ಗದ ಬಸ್ಸು ಹತ್ತುತ್ತಾರೆ. ಬಸ್ ನಿಲ್ದಾಣದ ಹತ್ತಿರ ಗಡಿಯಾರ ರಿಪೇರಿಯ ಶಿವಕುಮಾರಪ್ಪನವರ ಅಂಗಡಿಯ ಒಂದು ಪಕ್ಕ ಇವರ ಚಾಪೆ. ಗಡಿಯಾರದ ಪಟ್ಟಿಗೂ ಪದರಗಳೇ, ಆದರೆ ತೆಳು. ತುದಿಯಲ್ಲಿ ಸಣ್ಣ ಕಡ್ಡಿ ತೂರಲು ಮೇಲಿನ ಚರ್ಮವನ್ನೇ ಮಡಚಿ ಕೊಳವೆ ಮಾಡಬೇಕು. ಅದು ಒಂದು ಎಳೆಯಷ್ಟು ದಪ್ಪವಾದರೂ ಗಡಿಯಾರಕ್ಕೆ ಪಟ್ಟಿ ಸಿಕ್ಕಿಸುವ ಕಿವಿಯಲ್ಲಿ ಕೂರುವುದಿಲ್ಲ. "ಈಯಮ್ಮ ಪಟ್ಟಿ ಹಾಕಿದ್ರೆ ವಾಚು ನಿಂತೋದ್ರೂ ಜನ ಬಿಚ್ಚಲ್ಲ ಸಾರ್. ನನ್ನ ರಿಪೇರಿಗೇ ಕಲ್ಲು ಬಿತ್ತು," ಎಂದು ಶಿವಕುಮಾರಪ್ಪ ಗಿರಾಕಿಯೊಬ್ಬರ ಮುಂದೆ ಮುನಿಸು ತೋರಿಸುತ್ತಾರೆ. ಹಾಗೆಂದರೂ ಗಿರಾಕಿಗಳಲ್ಲಿ ಹೆಚ್ಚಿನವರು ಗೊಂಚಲಾಗಿ ನೇತುಬಿದ್ದ ರಬ್ಬರ್ ಪಟ್ಟಿಯನ್ನೇ ಆರಿಸಿಕೊಳ್ಳುತ್ತಾರೆ.

ಮಧ್ಯಾಹ್ನ ಒಬ್ಬರು ಬಂದು ಗಡಿಯಾರವನ್ನೂ ಗಂಟು ಹಾಕಿದ ಒಂದು ನೂಲನ್ನೂ ಅಂಗಡಿಯ ಗಾಜಿನ ಪೆಟ್ಟಿಗೆಯ ಮೇಲಿಟ್ಟು, "ಅಳತೆ ಮನೇಲೇ ತಗಂಡು ಬಂದೀನಿ," ಎಂದು ಶಿವಕುಮಾರಪ್ಪನವರಿಗೆ ಹೇಳಿ ಹೋಗುತ್ತಾರೆ. ನೂಲು ಗಾಜಿನ ಮೇಲಿಂದ ಚಾಪೆಗೆ ಬರುತ್ತದೆ. ಹೇಮಾವತಿ ಅದನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ತಮ್ಮಷ್ಟಕ್ಕೆ ಎಂಬಂತೆ ಕೆಳದನಿಯಲ್ಲಿ ಮಾತಾಡುತ್ತಾರೆ.

"ಕೆಲವ್ರಿಗೆ ನಾನು ಕೈ ಮುಟ್ಟೋದು ಬ್ಯಾಡ. ಚರ್ಮ ಬೇಕು, ಚರ್ಮ ಕೊಯ್ಯೋರ ಕೈ ಆಗಲ್ಲ. ಬಾಯಿಬಿಟ್ಟು ಯಾರೂ ಅನ್ನಲ್ಲ, ಹಿಂಗೆ ನೂಲು ತರ್ತಾರೆ. ನಾನೂ ಕೇಳಲ್ಲ. ವಾಚಿಗೆ ನಡೀತೈತೆ. ಕಲ್ಲೇಶನ ನೂಲು ಬಂದಾಗ್ಲೂ ಹಂಗೇ ಇರ್ಬೇಕು ಅನ್ಕಂಡೆ. ಯಾಕಪ್ಪ ನೀನೇ ಬರ್ಲಿಲ್ಲ ಅಂತ ಒಂದ್ಮಾತು ಕೇಳ್ಬೇಕಿತ್ತು. ಏನ್ ಉತ್ತರ ಬರ್ತೈತೋ ಅಂತ ಬಾಯೇ ಬರ್ಲಿಲ್ಲ." ನೂಲನ್ನು ಬೆರಳಿನಿಂದ ಬಿಚ್ಚಿ, "ಪಾಪ, ಆ ಹುಡುಗ ನಿದ್ದೆ ಮಾಡ್ತಿದ್ದನಂತೆ," ಎಂದು ದಬ್ಬಳ ಕೈಗೆತ್ತಿಕೊಳ್ಳುತ್ತಾರೆ.

ಸಂಜೆ ಶ್ರೀರಾಂಪುರಕ್ಕೆ ಮರಳಿದವರು ಮನೆಯೊಳಗೆ ಹೋಗದೆ ಜಗಲಿಯಲ್ಲೇ ಕೂರುತ್ತಾರೆ. ರಸ್ತೆಯಲ್ಲಿ ಹೋಗುವ ಪ್ರತಿ ಗಾಡಿಯ ಸದ್ದಿಗೂ ಕತ್ತು ಆ ಕಡೆ ತಿರುಗುತ್ತದೆ. ದೊಡ್ಡತಿಮ್ಮಪ್ಪನವರೂ ಕಂಬಳಿ ಸರಿಸಿ ರಸ್ತೆಯ ಕಡೆ ಕಿವಿಗೊಡುತ್ತಾರೆ.

ಕೊನೆಗೆ ಟೆಂಪೊ ಬಂದು ನಿಲ್ಲುತ್ತದೆ. ಇಳಿಯುವವರು ರಂಗಯ್ಯ, ಒಬ್ಬರೇ.

"ಕಲ್ಲೇಶ ಎಲ್ಲಿ?" ಹೇಮಾವತಿ ಎದ್ದು ನಿಲ್ಲುತ್ತಾರೆ.

"ಅಲ್ಲೇ ಕಾಯಿ ರಾಶಿ ಮೇಲೆ ಬಿದ್ದವ್ನೆ. ಹೆದರ್ಬ್ಯಾಡ ತಾಯಿ, ಗೊರಕೆ ಹೊಡೀತವ್ನೆ. ರಜಾ ಹಾಕಿ ಕುಂತಿದ್ದಕ್ಕೆಲ್ಲ ಸೇರಿಸಿ ಇವತ್ತೇ ಸುಲಿದ. ಪಟ್ಟಿ ಬಿಚ್ಚೋ ಅಂದ್ರೂ ಬಿಚ್ಚಿಲ್ಲ." ರಂಗಯ್ಯ ತಮ್ಮ ಅಂಗಿಯ ತೋಳು ಮಡಚಿ ಬಲಗೈ ಮುಂದೆ ಚಾಚುತ್ತಾರೆ. "ನಂದೂ ಒಂದು ಅಳತೆ ತಗಾ. ಹಳೇದು ಸವೆದೈತೆ."

ಹೇಮಾವತಿ ಆ ಕೈಯನ್ನು ನೋಡುತ್ತಾರೆ, ಆದರೆ ಮೊದಲು ಟೆಂಪೊದ ಹಿಂದಕ್ಕೆ ಹೋಗುತ್ತಾರೆ. ಸುಲಿದ ಕಾಯಿಗಳ ಮೇಲೆ ಗೋಣಿಚೀಲ ಹಾಸಿ ಕಲ್ಲೇಶ್ ಮಲಗಿದ್ದಾನೆ. ಪಟ್ಟಿ ಕಟ್ಟಿದ ಕೈ ಹಲಗೆಯಾಚೆ ಇಳಿಬಿದ್ದಿದೆ. ಅವರು ಅವನ ಬೆರಳುಗಳನ್ನು ಒಂದೊಂದಾಗಿ ಹಿಡಿದು ನೋಡುತ್ತಾರೆ. ಉಗುರನ್ನು ಒತ್ತಿ ಬಿಟ್ಟಾಗ ಕೆಂಪು ತಕ್ಷಣ ಮರಳುತ್ತದೆ. ಟೆಂಪೊದವನೊಬ್ಬ ಅವನನ್ನು ಎಬ್ಬಿಸಲು ಕೈ ಚಾಚುತ್ತಾನೆ.

"ಏಳಿಸ್‌ಬ್ಯಾಡ್ರಿ," ಎನ್ನುತ್ತಾರೆ ಹೇಮಾವತಿ. "ಬೆರಳು ಬೆಚ್ಚಗವೆ."