ಹದಿನೆಂಟು ಅಡಿಯ ಓಣಿ

ಮೂವತ್ತು ವರ್ಷ ಒಂದೇ ಓಣಿಯಲ್ಲಿ ಬದುಕಿದರೂ ಅದು ಎಷ್ಟು ಅಗಲವೆಂದು ನನಗೆ ಗೊತ್ತಿರಲಿಲ್ಲ. ಯಾರಾದರೂ ಕೇಳಿದ್ದರೆ "ಸಾಕಷ್ಟಿದೆ" ಎನ್ನುತ್ತಿದ್ದೆನೇನೋ. ನಾನು ಕನ್ನಡ ಮಾಸ್ತರ. ನಮ್ಮಂಥವರಿಗೆ ವಿಶೇಷಣಗಳ ಮೇಲಿರುವ ನಂಬಿಕೆ ಅಂಕಿಗಳ ಮೇಲೆ ಇರುವುದಿಲ್ಲ.

ಸವಣೂರಿನ ಈ ಓಣಿ ಕೊನೆಯಲ್ಲಿ ಒಂದು ಮೋಟು ಗೋಡೆಗೆ ಬಡಿದು ನಿಲ್ಲುತ್ತದೆ. ಗೋಡೆಯಾಚೆ ಗೋವಿನಜೋಳದ ಹೊಲವಿತ್ತು. ಹೋದ ವರ್ಷ ಆ ಹೊಲ ಮಾರಾಟವಾಗಿ, ಅಲ್ಲಿ ಲೇಔಟ್ ಬರುತ್ತದೆಂದು ಸುದ್ದಿಯಾಯಿತು. ನಮಗೆ ಅದರಿಂದ ಬೇಸರವೇನೂ ಆಗಲಿಲ್ಲ. ಜನ ಹೆಚ್ಚಾದರೆ ಮನೆಗಳೂ ಹೆಚ್ಚಾಗಬೇಕು. ಆದರೆ ಅದರ ನಕ್ಷೆ ಕೈಗೆ ಬಂದಾಗ ವಿಷಯ ಬೇರೆಯೇ ಇತ್ತು. ನಕ್ಷೆ ಬರೆದವರು ನಮ್ಮ ಗೋಡೆ ಒಡೆದು, ಲೇಔಟಿನ ಮುಖ್ಯ ರಸ್ತೆಯನ್ನು ನಮ್ಮ ಓಣಿಗೇ ಜೋಡಿಸಿದ್ದರು. ಓಣಿಯ ಮೇಲೆ "ಹಾಲಿ ರಸ್ತೆ, ಮೂವತ್ತು ಅಡಿ" ಎಂದು ಬರೆದಿದ್ದರು. ಅದು ಮೂವತ್ತು ಅಡಿ ಎಂದು ಒಮ್ಮೆ ಒಪ್ಪಿಗೆಯಾದರೆ, ಎರಡೂ ಬದಿಯ ಕಟ್ಟೆಗಳು, ಕೆಲವರ ಪಡಸಾಲೆಗಳು ಸಹ ಒತ್ತುವರಿ ಎನಿಸಿಕೊಳ್ಳುತ್ತಿದ್ದವು.

ಆಕ್ಷೇಪಣೆ ಬರೆಯುವ ಕೆಲಸ ಸಹಜವಾಗಿಯೇ ನನ್ನ ಪಾಲಿಗೆ ಬಂತು. ಎರಡು ದಿನ ಕೂತು ಮೂರು ಪುಟ ಬರೆದೆ. ಓಣಿಯ ಪ್ರಾಚೀನತೆ, ಸಹಬಾಳ್ವೆ, ಮಕ್ಕಳ ಆಟದ ಸ್ವಾತಂತ್ರ್ಯ ಎಲ್ಲವೂ ಅದರಲ್ಲಿದ್ದವು. "ಓಣಿಯೆಂಬುದು ಕೇವಲ ದಾರಿಯಲ್ಲ" ಎಂಬ ವಾಕ್ಯವನ್ನು ನಾನೇ ಎರಡು ಸಲ ಓದಿಕೊಂಡೆ. ಸಂಜೆ ಎಲ್ಲರನ್ನೂ ಕೂಡಿಸಿ ಗಟ್ಟಿಯಾಗಿ ಓದಿದಾಗ ಜನ ತಲೆದೂಗಿದರು. ಎದುರು ಮನೆಯ ಹಾಜರಾಬಿ ಮಾತ್ರ ತಲೆದೂಗಲಿಲ್ಲ. ಅವರು ದರ್ಜಿ. ಓಣಿಯ ಹೆಣ್ಣುಮಕ್ಕಳ ಕುಪ್ಪಸಗಳೆಲ್ಲ ಅವರ ಮಷೀನಿನಿಂದಲೇ ಬಂದವು.

"ಮಾಸ್ತರ್ರ, ಚಲೋ ಬರ್ದೀರಿ," ಎಂದರು. "ಆದ್ರ ಓಣಿ ಎಷ್ಟ ಅಗಲ ಐತಿ ಅಂತ ಅದ್ರಾಗ ಎಲ್ಲೂ ಇಲ್ಲಲ್ರಿ."

ನಾನು ಮೂರೂ ಪುಟ ತಿರುವಿ ನೋಡಿದೆ; ಎಲ್ಲೂ ಇರಲಿಲ್ಲ. ಮರುದಿನ ಬೆಳಿಗ್ಗೆ ಹಾಜರಾಬಿ ಸೊಸೆಯನ್ನು ಕರೆದುಕೊಂಡು, ಕೊರಳಲ್ಲಿ ಜೋತಾಡುತ್ತಿದ್ದ ಟೇಪನ್ನೇ ತೆಗೆದು ಓಣಿ ಅಳೆಯಲು ನಿಂತರು. ಅರಿವೆಯ ಮೇಲೆ ಗೆರೆ ಎಳೆಯುವ ಸುಣ್ಣದ ಬಿಲ್ಲೆಯಿಂದ ನೆಲದ ಮೇಲೆ ಗುರುತು ಹಾಕುತ್ತ ಹೋದರು. ಐದಡಿಯ ಟೇಪು ಮೂರು ಸಲ, ಮೇಲೆ ಮೂರು ಅಡಿ. ಒಟ್ಟು ಹದಿನೆಂಟು. ನಾಲ್ಕು ಕಡೆ ಅಳೆದರೂ ಎಲ್ಲಿಯೂ ಹತ್ತೊಂಬತ್ತು ಬರಲಿಲ್ಲ.

ಅದನ್ನು ನೋಡುತ್ತ ನಿಂತಾಗ ನನಗೆ ಗೇಣು, ಮೊಳ, ಮಾರುಗಳ ನೆನಪಾಯಿತು. ನಮ್ಮ ಹಿರಿಯರು ಜಗತ್ತನ್ನು ಕೈಯಿಂದಲೇ ಮುಟ್ಟಿ ಅಳೆದರು. ಅಳೆಯಬೇಕಾದರೆ ಅಲ್ಲಿಗೆ ಹೋಗಲೇಬೇಕಿತ್ತು. ಈ ವಿಚಾರವನ್ನು ಮೂರನೆಯ ಪುಟದಲ್ಲಿ ಸೇರಿಸೋಣವೇ ಎಂದೆ. ಬೇಡವೆಂದು ಎಲ್ಲರೂ ಒಕ್ಕೊರಲಿನಿಂದ ಹೇಳಿದರು.

ಪುರಸಭೆ ಕಚೇರಿಯಲ್ಲಿ ಎಂಜಿನಿಯರ್ ಮರ್ಯಾದಸ್ಥ ತರುಣ. ನನ್ನ ಮೊದಲ ಪುಟ ಮುಗಿಯುವವರೆಗೂ ತಾಳ್ಮೆಯಿಂದ ಕೇಳಿ, ನಕ್ಷೆಯಲ್ಲಿ ಮೂವತ್ತು ಅಡಿಯೇ ಇದೆಯಲ್ಲ ಎಂದರು. ನಾನು ಎರಡನೆಯ ಪುಟ ತಿರುವುತ್ತಿದ್ದೆ. ಅಷ್ಟರಲ್ಲಿ ಹಾಜರಾಬಿ ಎದ್ದು ನಿಂತರು.

"ಸಾಹೇಬ್ರ, ಚೀಟ್ಯಾಗ ಬರ್ದ ಅಳತಿ ನಂಬಿ ನಾ ಅರಬಿಗೆ ಕತ್ರಿ ಹಾಕಂಗಿಲ್ರಿ. ಮೈ ಅಳತಿ ತಗೊಂಡ ಮ್ಯಾಲೇನ ಹಾಕ್ತೇನಿ. ನೀವೂ ಒಮ್ಮೆ ಬಂದು ಅಳದು ನೋಡ್ರಿ. ಆಮ್ಯಾಲ ಏನ್ ಬೇಕಾದ್ದ ಬರೀರಿ."

ಆ ತರುಣ ನಕ್ಷೆ ಮಡಚಿ, ನಾಳೆ ಬರುತ್ತೇನೆ ಎಂದರು. ಹೇಳಿದಂತೆ ಬಂದರು. ಉಕ್ಕಿನ ಟೇಪು ಎಳೆದಾಗ ಹದಿನೆಂಟು ಅಡಿಯ ಮೇಲೆ ಎರಡು ಅಂಗುಲ ಬಂತು. ಟೇಪು ಸಡಿಲಾಗಿದೆ, ಬಿಗಿಯಾಗಿ ಹಿಡಿಯಿರಿ ಎಂದು ಹಾಜರಾಬಿ ಹೇಳಿಕೊಟ್ಟರು. ಎರಡು ಅಂಗುಲವೂ ಹೋಯಿತು. ಎಂಜಿನಿಯರ್ ನಕ್ಕು, ನಕ್ಷೆಯ ಮೂವತ್ತನ್ನು ಹೊಡೆದು, "ಹದಿನೆಂಟು ಅಡಿ, ಸ್ಥಳದಲ್ಲಿ ಅಳೆದಂತೆ" ಎಂದು ತಮ್ಮ ಕೈಯಾರೆ ಬರೆದರು. ನಾನು ಎಷ್ಟೋ ಹೊತ್ತಗೆಗಳನ್ನು ಓದಿದ್ದೇನೆ. ನಮ್ಮ ಓಣಿಯ ಬಗ್ಗೆ ಅಷ್ಟು ಚಂದದ ಸಾಲನ್ನು ಓದಿರಲಿಲ್ಲ.

ಲೇಔಟಿನ ಮುಖ್ಯ ರಸ್ತೆ ಆಚೆ ಬದಿಯಿಂದ ಶಿಗ್ಗಾಂವಿ ರಸ್ತೆಗೆ ಕೂಡಿತು. ನಮ್ಮ ಗೋಡೆಯನ್ನು ಇನ್ನೂ ಎತ್ತರ ಮಾಡೋಣ ಎಂದು ಓಣಿಯ ಕೆಲವರು ಹುರುಪಿನಲ್ಲಿ ಹೇಳಿದರು. ನಾನೂ ಅವರಲ್ಲೊಬ್ಬನಾಗಿದ್ದೆ ಎಂದು ಒಪ್ಪಿಕೊಳ್ಳುತ್ತೇನೆ. ಅದಕ್ಕೆ ಹಾಜರಾಬಿ ಒಪ್ಪಲಿಲ್ಲ. ಗಾಡಿ ಬೇಡ ಎಂದದ್ದು ಸರಿ, ಮನುಷ್ಯರನ್ನು ಯಾಕೆ ಬೇಡ ಅನ್ನಬೇಕು, ಅವರಿಗೂ ಕುಪ್ಪಸ ಬೇಕಾಗುತ್ತದಲ್ಲ ಎಂದರು. ಗೋಡೆಯಲ್ಲಿ ಇಬ್ಬರು ಜೋಡಿಯಾಗಿ ನಡೆಯುವಷ್ಟು ಕಿಂಡಿ ಒಡೆದೆವು.

ಈಗ ಲೇಔಟಿನಲ್ಲಿ ಐದಾರು ಮನೆಗಳೆದ್ದಿವೆ. ಅಲ್ಲಿಯ ಮೊದಲ ಮನೆಯಾಕೆ ಸರಕಾರಿ ಆಸ್ಪತ್ರೆಯಲ್ಲಿ ನರ್ಸು. ಡ್ಯೂಟಿ ಮುಗಿಸಿ ಕಿಂಡಿಯಿಂದ ಹೋಗುವಾಗ ಹಾಜರಾಬಿಯ ಕಟ್ಟೆಯ ಮೇಲೆ ಹತ್ತು ನಿಮಿಷ ಕೂತೇ ಹೋಗುತ್ತಾಳೆ. ತಮ್ಮ ಕಡೆ ರಸ್ತೆ ಬಹಳ ಅಗಲ, ಎದುರು ಮನೆಯವರನ್ನು ಮಾತಾಡಿಸಬೇಕೆಂದರೆ ಕೂಗಬೇಕು ಎನ್ನುತ್ತಾಳೆ. ನಾನು ನನ್ನ ಕಟ್ಟೆಯ ಮೇಲಿಂದಲೇ ದನಿಯೇರಿಸದೆ ಮಾತಿಗೆ ಸೇರಿಕೊಳ್ಳುತ್ತೇನೆ.

ಮೊನ್ನೆ ಆಕೆ ಈ ಓಣಿ ಉಳಿದದ್ದು ಹೇಗೆಂದು ಕೇಳಿದಳು. ಹಾಜರಾಬಿ ದಾರಕ್ಕೆ ಗಂಟು ಹಾಕುತ್ತ ನನ್ನ ಕಡೆ ಕೈ ತೋರಿಸಿದರು.

"ಎಲ್ಲಾ ಮಾಸ್ತರು ಬರ್ದ ಅರ್ಜಿಯಿಂದ ಆತವ್ವ."

ನಾನು ತಿದ್ದಲಿಲ್ಲ. ಜೀವಮಾನವಿಡೀ ಮಕ್ಕಳ ತಪ್ಪು ತಿದ್ದಿದವನಿಗೆ, ಯಾವ ತಪ್ಪನ್ನು ಹಾಗೆಯೇ ಬಿಡಬೇಕು ಎಂಬುದೂ ಇಷ್ಟು ಹೊತ್ತಿಗೆ ತಿಳಿದಿರಬೇಕಲ್ಲ.