ಮನೆಯಲ್ಲಿ ನುಡಿಸುತ್ತಿದ್ದ ಹಳೆಯ ಹಾಡುಗಳು

ನನ್ನ ಯಜಮಾನರು ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದರು. ಅವರು ತೀರಿಕೊಂಡು ವರ್ಷವಾಗುವ ದಿನ ಅವರಿಷ್ಟದ ಹಾಡುಗಳನ್ನು ನುಡಿಸಿರೆಂದು ಕೇಳಲು, ನಾನು ಕಲಿಸುವ ಶಾಲೆಗೆ ರಜೆ ಹಾಕಿ ಹೂವಿನಹಡಗಲಿಗೆ ಹೋದೆ. ಅವರ ಜೊತೆ ಕೀಬೋರ್ಡ್ ನುಡಿಸುತ್ತಿದ್ದ ಖಾಜಾ ಅಲ್ಲಿ ಬೈಕ್ ರಿಪೇರಿ ಅಂಗಡಿ ಇಟ್ಟಿದ್ದಾರೆ.

"ಎಪ್ಪತ್ತರ ದಶಕದ ಹಾಡು ಸಾಕ್ರಿ ಅಣ್ಣ. ಮನ್ಯಾಗ ಅವನ್ನ ಬಾರಿಸ್ತಿದ್ರು," ಎಂದೆ.

ಖಾಜಾ ಸ್ಪ್ಯಾನರ್ ಕೆಳಗಿಟ್ಟರು. "ಎಪ್ಪತ್ತರದ್ದಾ? ಅವು ಬಂದ್ರ ನಿದ್ದಿ ಬರ್ತೈತಿ ಅಂತಿದ್ದ ನೋಡ್ರಿ ಟೀಚರ್. ಎಂಬತ್ತರ ಡಿಸ್ಕೋ ಅಂದ್ರ ಜೀವ ಬಿಡ್ತಿದ್ದ. ಅವನ ಕೈ ಪಳಗಿದ್ದೇ ಅದರಾಗ."

"ಮತ್ತ ಮನ್ಯಾಗ?"

"ನಮ್ಮ ಮನಿಯಾಕಿಗೆ ಹಳೇವು ಸೇರ್ತಾವು ಅಂತಿದ್ದ."

ಆಗ ನೆನಪಾಯಿತು. ಹೆಣ್ಣು ನೋಡಲು ಬಂದಾಗ, ಎಂಥ ಹಾಡು ಇಷ್ಟವೆಂದು ಅವರು ಕೇಳಿದ್ದರು. ಹಿರಿಯರೆಲ್ಲ ಕುಳಿತಿದ್ದರಿಂದ ಡಿಸ್ಕೋ ಎನ್ನಲು ನಾಚಿ, ಹಳೆಯ ಹಾಡು ಎಂದಿದ್ದೆ. ಮದುವೆಯಾದ ಮೇಲೆ ಅವರು ಅವನ್ನೇ ನುಡಿಸಿದರು. ಅವರಿಗಿಷ್ಟವೆಂದು ನಾನೂ ಅಷ್ಟು ವರ್ಷ ಕೇಳಿದೆ.

"ಹಂಗಾದ್ರ ಯಾವು ಬಾರಿಸೋಣ್ರಿ?" ಖಾಜಾ ಕೇಳಿದರು.

ಡಿಸ್ಕೋ ಎನ್ನಬೇಕಿತ್ತು. ಆದರೆ ಅವರು ಹೋದಾಗಿನಿಂದ ನಾನು ದಿನವೂ ಹಾಕಿಕೊಂಡು ಕೇಳುತ್ತಿರುವುದು ಆ ನಿದ್ದೆ ಬರಿಸುವ ಹಾಡುಗಳನ್ನೇ.

"ಹಳೇವೇ ಇರಲಿ," ಎಂದೆ. ಈ ಸಲ ಹಾಗೆನ್ನುವಾಗ ಎದುರಿಗೆ ಹಿರಿಯರ‍್ಯಾರೂ ಕುಳಿತಿರಲಿಲ್ಲ.