ಕೊರಳಿಗೆ ಮರಳು ಕಟ್ಟುವ ತಕ್ಕಡಿ ಅಕ್ಕ

ಬೆಳಿಗ್ಗೆ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಬೀದಿಯ ಅಂಗಡಿಗಳೆಲ್ಲ ಮುಚ್ಚಿವೆ. ಒಂದರ ಶಟರ್ ಮಾತ್ರ ಸೊಂಟದ ಮಟ್ಟಕ್ಕೆ ಎದ್ದಿದೆ. ಅದರಡಿಯಿಂದ ಬಗ್ಗಿ ಹೊರಬರುವ ಹೆಂಗಸಿನ ಒಂದು ಕೈಯಲ್ಲಿ ಅಂಗೈಯಷ್ಟೇ ಅಗಲದ ಕ್ಯಾಮೆರಾ, ಇನ್ನೊಂದರಲ್ಲಿ ಮರಳು ತುಂಬಿದ ಬಟ್ಟೆಯ ಚೀಲ. ಎದುರಿಗೆ ಬಸ್ ಡ್ರೈವರ್ ಒಬ್ಬರು ಆಕಳಿಸುತ್ತ ನಿಂತಿದ್ದಾರೆ. ಅವರ ಕೊರಳಲ್ಲೂ ಅಂಥದೇ ಒಂದು ಚೀಲ ನೇತಾಡುತ್ತಿದೆ, ಸ್ವಲ್ಪ ದಪ್ಪನೆಯದು.

"ನಿನ್ನೆ ಪೂರ್ತಿ ಹಾಕ್ಕೊಂಡಿದ್ರಾ?"

"ಎಲ್ಲಿಂದ ಅಕ್ಕಾ! ಮೂರನೇ ಟ್ರಿಪ್ಪಿಗೇ ಸೀಟಿನ ಕೆಳಗೆ ಹೋಯ್ತು."

"ಮರಳಾಗಿದ್ದಕ್ಕೆ ಸೀಟಿನ ಕೆಳಗೆ. ಕ್ಯಾಮೆರಾ ಆಗಿದ್ರೆ ಬೀರು ಒಳಗೆ. ನಿಮ್ಮ ಮಗಳ ಫೋಟೋನ ಬೀರು ತೆಗೆಯುತ್ತಾ?"

ಡ್ರೈವರ್ ನಗುತ್ತ ಚೀಲ ಬಿಚ್ಚಿ ಕೊಡುತ್ತಾರೆ. ಮೂರು ವರ್ಷದ ಮಗಳ ಫೋಟೋ ತೆಗೆಯಬೇಕೆಂದು ಅವರು ಎರಡು ದಿನದ ಹಿಂದೆ ಬಂದು ಆರಿಸಿದ್ದು ಅಂಗಡಿಯ ಅತಿ ದೊಡ್ಡ ಕ್ಯಾಮೆರಾ, ಅದಕ್ಕೊಂದು ಮೊಳದುದ್ದದ ಲೆನ್ಸ್. ಎರಡೂ ಸೇರಿ ಒಂದು ಕಿಲೋ ಆರುನೂರು ಗ್ರಾಂ. ಅಷ್ಟೇ ತೂಕದ ಮರಳನ್ನು ಕೊರಳಿಗೆ ಹಾಕಿ ಕಳಿಸಿದ್ದರು ಅಕ್ಕ. ಒಂದಿಡೀ ದಿನ ಅದನ್ನು ಹೊತ್ತು ತಿರುಗಿದವರಿಗೆ ದೊಡ್ಡ ಕ್ಯಾಮೆರಾ, ಹೊರಲಾಗದವರಿಗೆ ಚಿಕ್ಕದು. ಇದು ಆಕೆಯ ಕಾನೂನು. ಈ ಬೀದಿಯಲ್ಲಿ ಆಕೆಯನ್ನು ಎಲ್ಲರೂ ಕರೆಯುವುದು ತಕ್ಕಡಿ ಅಕ್ಕ ಎಂದೇ.

ಈ ಕಾನೂನಿಗೆ ಇವತ್ತು ಕೊನೆಯ ದಿನ ಇರಬಹುದು. ಮರಳಿನ ಚೀಲ, ಕೌಂಟರಿನ ಮೇಲಿನ ಎಲೆಕ್ಟ್ರಾನಿಕ್ ತಕ್ಕಡಿ, ಈ ಮುಂಜಾನೆಯ ಪರೀಕ್ಷೆ ಎಲ್ಲವನ್ನೂ ಬಿಡುತ್ತೇನೆಂದು ಬರೆದ ಕಾಗದಕ್ಕೆ ಆಕೆ ಇವತ್ತು ಸಹಿ ಹಾಕಬೇಕು. ಹಾಕದಿದ್ದರೆ ಸೋಮವಾರದಿಂದ ಹಿಂಬದಿಯ ಗೋದಾಮಿನಲ್ಲಿ ಪೆಟ್ಟಿಗೆ ಕಟ್ಟುವ ಕೆಲಸ. ಆ ಕಾಗದ ಬರೆಸಿದ ಅಂಗಡಿಯ ಮಾಲೀಕರು ಹತ್ತಕ್ಕೆ ಬರುತ್ತಾರೆ. ಆಕೆಯ ಸಂದರ್ಶನಕ್ಕೆಂದು ಬಂದಿರುವ ನಾನು ಆಗಲೇ ಗಡಿಯಾರ ನೋಡುತ್ತಿದ್ದೇನೆ. ಅಕ್ಕನಿಗೆ ಅದರ ಪರಿವೆಯೇ ಇಲ್ಲ.

"ಅಂಗಡಿ ದೀಪದಲ್ಲಿ ಎಲ್ಲಾ ಕ್ಯಾಮೆರಾನೂ ಮದುಮಗನ ಥರ ಕಾಣ್ತವೆ. ಈ ಅರೆಗತ್ತಲಲ್ಲಿ ಒಂದು ಫೋಟೋ ತೆಗೆದುಕೊಡ್ಲಿ, ಆಮೇಲೆ ಮಾತು" ಎನ್ನುತ್ತ ಚಿಕ್ಕ ಕ್ಯಾಮೆರಾವನ್ನು ಡ್ರೈವರ್ ಕೈಗಿಡುತ್ತಾರೆ. ಲೆನ್ಸೂ ಸೇರಿ ಐನೂರ ಇಪ್ಪತ್ತು ಗ್ರಾಂ. ಒಂದೇ ಕೈಯಲ್ಲಿ ಹಿಡಿಯಬೇಕು, ಕಣ್ಣು ಬೀದಿಯ ಮೇಲಿರಬೇಕು, ಬೆರಳೇ ಬಟನ್ ಹುಡುಕಬೇಕು. "ಬಟನ್ ಹುಡುಕೋಕೆ ಕನ್ನಡಕ ಬೇಕು ಅಂದ್ರೆ ಅದು ನಿಮ್ಮದಲ್ಲ, ಬೇರೆ ನೋಡೋಣ." ಪೇಪರ್ ಹಾಕುವವನ ಸೈಕಲ್ ಹಾದುಹೋಗುತ್ತದೆ. ಡ್ರೈವರ್ ಕ್ಲಿಕ್ಕಿಸುತ್ತಾರೆ. ಸದ್ದೇ ಇಲ್ಲ. ಪರದೆಯ ಮೇಲೆ ಸೈಕಲ್ಲಿನ ಬದಲು ಒಂದು ಉದ್ದನೆಯ ಬೂದುಗೆರೆ. ಡ್ರೈವರ್ ನಾಚಿಕೊಂಡು ಅದನ್ನು ಅಳಿಸಲು ಹೋಗುತ್ತಾರೆ.

"ಕೈ ತೆಗೀರಿ!"

ಬೀದಿನಾಯಿಯೂ ಬೆಚ್ಚಿ ಎದ್ದು ಕೂರುವಂಥ ದನಿ. ಡ್ರೈವರ್ ತಬ್ಬಿಬ್ಬು.

"ಮೊದಲನೇ ಫೋಟೋ ಅಳಿಸೋ ಹಾಗಿಲ್ಲ. ಅದು ಇರುತ್ತೆ" ಎಂದು ಅಕ್ಕ ದನಿ ತಗ್ಗಿಸುತ್ತಾರೆ.

ಯಾಕೆಂದು ಗೊತ್ತಾಗುವುದು ಡ್ರೈವರ್ ಮೊದಲ ಟ್ರಿಪ್ಪಿಗೆ ಹೊರಟು, ನಾವಿಬ್ಬರೇ ಕೌಂಟರಿನ ಬಳಿ ಕೂತ ಮೇಲೆ. ಅಕ್ಕ ಹನ್ನೊಂದು ವರ್ಷ ಮದುವೆ ಫೋಟೋಗ್ರಾಫರ್ ಆಗಿದ್ದವರು. ಎರಡು ಕ್ಯಾಮೆರಾ, ಮೂರು ಲೆನ್ಸ್, ದಿನಕ್ಕೆ ಹದಿನಾಲ್ಕು ಗಂಟೆ ಹೆಗಲ ಮೇಲೆ. ಬಲಭುಜ ಕೈಕೊಟ್ಟಿತು. ಈಗ ಆ ಕೈ ಕಿವಿಯಿಂದ ಮೇಲೆ ಏಳುವುದಿಲ್ಲ. ಮೇಲಿನ ಶೆಲ್ಫಿನಿಂದ ಪೆಟ್ಟಿಗೆ ಇಳಿಸಬೇಕಾದರೆ ಸ್ಟೂಲು ಹತ್ತುತ್ತಾರೆ. ಆದರೆ ನೋವು ಅದಲ್ಲ.

"ಕೆಲಸಕ್ಕೆ ಹೊರಡೋ ಮುಂಚೆ ದಿನಾ ಫೋಕಸ್ ನೋಡ್ಬೇಕಲ್ಲ, ನಮ್ಮಮ್ಮನ್ನ ಕಿಟಕಿ ಹತ್ರ ನಿಲ್ಲಿಸ್ತಿದ್ದೆ. ತಲೆ ಬಾಚ್ಕೊಳ್ತಾ ನಿಲ್ತಿದ್ಲು, ಬೈಕೊಳ್ತಾ ನಿಲ್ತಿದ್ಲು. ಎಂಥಾ ಫೋಟೋಗಳು ಸಾರ್, ಒಂದೊಂದು ಕೂದಲೂ ಎಣಿಸಬಹುದಿತ್ತು. ಫೋಕಸ್ ಸರಿ ಇದೆ ಅಂತ ನೋಡೋದು, ಡಿಲೀಟ್ ಮಾಡೋದು. ಕಾರ್ಡಲ್ಲಿ ಜಾಗ ಬೇಕಲ್ಲ, ಕಂಡೋರ ಮದುವೆಗೆ."

ಅಮ್ಮ ತೀರಿಕೊಂಡಾಗ ಮನೆಯಲ್ಲಿ ಆಕೆಯ ಒಂದು ಫೋಟೋವೂ ಇರಲಿಲ್ಲ. ಆರುನೂರು ಮದುವೆಗಳ ಆಲ್ಬಮ್ ತಡಕಾಡಿ ಸಿಕ್ಕಿದ್ದು, ಅಮ್ಮನೂ ಊಟಕ್ಕೆ ಬಂದಿದ್ದ ಒಂದು ಮದುವೆಯಲ್ಲಿ ಯಾರದೋ ಕುರ್ಚಿಯ ಹಿಂದೆ ಆಕೆಯ ಮೊಣಕೈ. "ಕೆಲಸ ಮುಗಿಸಿ ಮನೆಗೆ ಬಂದ್ಮೇಲೆ ಆ ಗುಂಡುಕಲ್ಲನ್ನ ಮತ್ತೆ ಎತ್ತೋ ಮನಸ್ಸೇ ಬರ್ತಿರಲಿಲ್ಲ. ಚಿಕ್ಕದೊಂದು ಇದ್ದಿದ್ರೆ ಅಡುಗೆಮನೆ ಮೊಳೆಗೆ ನೇತು ಹಾಕಿರ್ತಿದ್ದೆ." ಆಕೆ ಅಳುವುದಿಲ್ಲ. ತಕ್ಕಡಿಯ ಮೇಲಿನ ಧೂಳು ಒರೆಸುತ್ತಾರೆ.

ಫೋನ್ ಇದೆಯಲ್ಲ ಎಂದು ಕೇಳಿ ನಾನು ಚೆನ್ನಾಗಿ ಉಗಿಸಿಕೊಳ್ಳುತ್ತೇನೆ. "ಫೋಟೋ ತೆಗೆಯೋಕೆ ಅಂತ ಫೋನ್ ಎತ್ಕೊಳ್ತೀರಿ, ಯಾರದೋ ಮೆಸೇಜ್ ನೋಡ್ತಾ ನಿಂತುಬಿಡ್ತೀರಿ. ಅಷ್ಟರಲ್ಲಿ ಮಗು ಆಟ ಮುಗಿಸಿ ಮಲಗಿರುತ್ತೆ." ನನ್ನ ಮನೆಯ ಬೀರುವಿನಲ್ಲೂ ಒಂದು ದೊಡ್ಡ ಕ್ಯಾಮೆರಾ ನಾಲ್ಕು ವರ್ಷದಿಂದ ನಿದ್ದೆ ಹೊಡೆಯುತ್ತಿದೆಯೆಂದು ಒಪ್ಪಿಕೊಂಡಾಗ ಆಕೆ ಒಂದು ಮರಳಿನ ಚೀಲ ತಂದು ನನ್ನ ಕೊರಳಿಗೆ ಹಾಕುತ್ತಾರೆ. ಉಳಿದ ಸಂದರ್ಶನವನ್ನು ನಾನು ತಲೆಬಾಗಿಯೇ ನಡೆಸುತ್ತೇನೆ.

ದಿನಕ್ಕೆ ನಾಲ್ಕೈದು ಮಂದಿ ಆಕೆಯನ್ನೇ ಹುಡುಕಿಕೊಂಡು ಬರುತ್ತಾರೆ. ಚೀಲಗಳು ಒಟ್ಟು ಒಂಬತ್ತು. ಹಳೇ ಪ್ಯಾಂಟಿನ ಬಟ್ಟೆಯಲ್ಲಿ ಆಕೆಯೇ ಹೊಲಿದದ್ದು. ಚಿಕ್ಕ ಕ್ಯಾಮೆರಾಗಳನ್ನು ಮಿರರ್‌ಲೆಸ್ ಅನ್ನುವುದೇಕೆ ಎಂದು ಕೇಳಿದವರಿಗೆ ಆಕೆಯ ಉತ್ತರ ಹೀಗೆ: "ಹಳೇ ಕ್ಯಾಮೆರಾ ಹೊಟ್ಟೇಲಿ ಒಂದು ಕನ್ನಡಿ ಇರ್ತಿತ್ತು. ಕನ್ನಡಿಗೆ ಜಾಗ ಬೇಕು, ಜಾಗ ಅಂದ್ಮೇಲೆ ಭಾರ. ಈಗ ಕನ್ನಡಿ ಹೋಯ್ತು, ಜನರ ದೊಡ್ಡಸ್ತಿಕೆ ಹೋಗಿಲ್ಲ. ಚಿಕ್ಕ ಬಾಡಿ ತಗೊಂಡು ಅದಕ್ಕೆ ಗದೆಯಂಥಾ ಲೆನ್ಸ್ ಕೇಳ್ತಾರೆ!" ಹಾಗಂತ ದೊಡ್ಡದರ ಮೇಲೆ ಹಗೆಯಿಲ್ಲ. ದೂರದ ಹಕ್ಕಿಗಳ ಬೆನ್ನು ಹತ್ತುವವರಿಗೆ ಸ್ಟೂಲು ಹತ್ತಿ ದೊಡ್ಡದನ್ನೇ ಇಳಿಸಿಕೊಡುತ್ತಾರೆ.

ಹತ್ತಕ್ಕೆ ಸರಿಯಾಗಿ ಮಾಲೀಕರು ಬರುತ್ತಾರೆ. ಕೆಟ್ಟವರೇನಲ್ಲ. ಅಕ್ಕನ ಭುಜ ಹೋದಾಗ ಕರೆದು ಕೆಲಸ ಕೊಟ್ಟವರು ಅವರೇ. "ಇವರಷ್ಟು ತಿಳಿದವರು ನನ್ನ ಅಂಗಡೀಲಿ ಇನ್ನೊಬ್ಬರಿಲ್ಲ. ಆದ್ರೆ ದೊಡ್ಡದು ಕೊಳ್ಳೋಕೆ ಅಂತ ಒಳಗೆ ಬಂದವರಿಗೆ ಮರಳು ಕಟ್ಟಿ ಕಳಿಸಿದ್ರೆ ನಾನು ಅಂಗಡಿ ನಡೆಸೋದು ಹೇಗೆ, ನೀವೇ ಹೇಳಿ" ಎಂದು ನನ್ನತ್ತ ನೋಡುತ್ತಾರೆ. ಆಮೇಲೆ ಅವರ ದೃಷ್ಟಿ ನನ್ನ ಕೊರಳಿನ ಚೀಲದ ಮೇಲೆ ಬೀಳುತ್ತದೆ. ಮುಖ ಬೇರೆ ಕಡೆ ತಿರುಗಿಸುತ್ತಾರೆ.

"ಸಹಿ ಹಾಕಿಬಿಡಮ್ಮ. ಆ ಭುಜ ಇಟ್ಕೊಂಡು ಗೋದಾಮಿನ ಪೆಟ್ಟಿಗೆ ಎತ್ತೋಕಾಗುತ್ತಾ ನಿನಗೆ?"

"ಎಡಗೈ ಇದೆಯಲ್ಲ ಯಜಮಾನ್ರೇ. ಗೋದಾಮಿಗೂ ಹಿಂದಿನ ಬೀದಿ ಕಡೆ ಒಂದು ಬಾಗಿಲಿದೆ. ಆರು ಗಂಟೆಗೆ ಅಲ್ಲೂ ಬೆಳಕು ಬರುತ್ತೆ."

ಮಾಲೀಕರು ನಿಟ್ಟುಸಿರು ಬಿಟ್ಟು ಕಾಗದವನ್ನು ಕೌಂಟರಿನ ಮೇಲಿಟ್ಟು, ಅದರ ಪಕ್ಕಕ್ಕೆ ತಮ್ಮದೇ ಪೆನ್ನನ್ನೂ ಇಡುತ್ತಾರೆ. ಅಕ್ಕ ಕನ್ನಡಕ ಏರಿಸಿಕೊಂಡು ಮೊದಲಿನಿಂದ ಕೊನೆಯವರೆಗೆ ಓದುತ್ತಾರೆ. ಅವಸರವಿಲ್ಲ. ಪೆನ್ನನ್ನು ಎತ್ತಿ ಮಾಲೀಕರ ಅಂಗಿಯ ಜೇಬಿಗೆ ಸಿಕ್ಕಿಸುತ್ತಾರೆ. ಕಾಗದವನ್ನು ನಾಲ್ಕಾಗಿ ಮಡಿಸಿ ತಕ್ಕಡಿಯ ಮೇಲೆ ಇಡುತ್ತಾರೆ. ನಾವು ಮೂವರೂ ಬಗ್ಗಿ ಅಂಕಿ ನೋಡುತ್ತೇವೆ.

"ಐದು ಗ್ರಾಂ. ಈ ಅಂಗಡೀಲಿ ನಾನು ತೂಗಿದ್ದರಲ್ಲೆಲ್ಲಾ ಇದೇ ಹಗುರ ಯಜಮಾನ್ರೇ" ಎನ್ನುತ್ತಾರೆ ತಕ್ಕಡಿ ಅಕ್ಕ. "ಇದನ್ನ ಮಾತ್ರ ನಾನು ಹೊರಲ್ಲ."